ಏಳನೆಯ ಹಾಳೆ

ತುಮಕೂರಿನ ಸದಾಶಿವನಗರದ ಎರಡನೇ ಅಡ್ಡರಸ್ತೆಯಲ್ಲಿದ್ದ ಚನ್ನವೀರಯ್ಯನ ಮನೆಗೆ ಹೋಗುವವರು ಗೇಟಿನ ಚಿಲಕವನ್ನು ಎರಡು ಸಲ ಬಡಿದು, ಹತ್ತು ಎಣಿಸುವಷ್ಟು ಹೊತ್ತು ನಿಂತು, ಆಮೇಲೆ ಒಳಗೆ ಬರಬೇಕು. ಇದನ್ನು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಹಾಲಿನವನಿಂದ ಹಿಡಿದು ಮಠದ ಚಂದಾ ಕೇಳಲು ಬರುವವರ ತನಕ ಎಲ್ಲರಿಗೂ ಅಭ್ಯಾಸವಾಗಿತ್ತು. ಆ ಹತ್ತು ಎಣಿಸುವುದರೊಳಗೆ ಚನ್ನವೀರಯ್ಯನ ಅಕ್ಕ ಕಲ್ಲಮ್ಮ ಅಡುಗೆಮನೆಯಿಂದಲೋ ಹಿತ್ತಲಿನಿಂದಲೋ ಬಂದು ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಬಂದವರು ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಗೇಟು ದಾಟುವವರೆಗೂ ಏಳುತ್ತಿರಲಿಲ್ಲ. ಹೊಸಬರು "ಏನು ಗತ್ತಪ್ಪ ಆ ಹೆಂಗಸಿಗೆ" ಅಂದುಕೊಂಡು ಹೋಗುತ್ತಿದ್ದರು. ಹಾಗಂದುಕೊಂಡರೆ ಕಲ್ಲಮ್ಮನಿಗೆ ಸಂತೋಷವೇ. ಕುಂಟಿ ಅನ್ನಿಸಿಕೊಳ್ಳುವುದಕ್ಕಿಂತ ಗತ್ತಿನವಳು ಅನ್ನಿಸಿಕೊಳ್ಳುವುದು ವಾಸಿ.

ಮೂರು ವರ್ಷದ ಮಗುವಾಗಿದ್ದಾಗ ಗುಬ್ಬಿಯಲ್ಲಿ ಬಂದ ಜ್ವರವೊಂದು ಅವಳ ಎಡಗಾಲನ್ನು ಸೊರಗಿಸಿ ಹೋಗಿತ್ತು. ಈಗ ಅವಳಿಗೆ ಐವತ್ತನಾಲ್ಕು. ಮದುವೆ ಆಗಿರಲಿಲ್ಲ. ತಮ್ಮ ಗುಬ್ಬಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಷ್ಟು ಕಾಲ ಅಲ್ಲಿ, ಅವನಿಗೆ ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಮೇಲೆ ಇಲ್ಲಿ, ಒಟ್ಟಿನಲ್ಲಿ ಅಡುಗೆಮನೆ ಎಲ್ಲಿದ್ದರೂ ಅದು ಅವಳದು. ಚನ್ನವೀರಯ್ಯನ ಹೆಂಡತಿ ಶಿವಗಂಗಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿದ್ದರೂ ಆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿಕೊಡುವ ಕೆಲಸದಿಂದ ಮೇಲಕ್ಕೆ ಅವಳಿಗೆ ಬಡ್ತಿ ಸಿಕ್ಕಿರಲಿಲ್ಲ.

ಕಲ್ಲಮ್ಮ ಕಡುಬೇಸಿಗೆಯಲ್ಲೂ ಸೆರಗನ್ನು ಮೈತುಂಬ ಹೊದ್ದೇ ಇರುತ್ತಿದ್ದಳು. ಬೀದಿಯಲ್ಲಿ ಯಾರ ಜೊತೆ ಹೊರಟರೂ, "ನೀವು ಮುಂದೆ ನಡೀರಿ, ನಂಗೇನು ಅವಸರ" ಎಂದು ಹಿಂದೆ ಉಳಿಯುತ್ತಿದ್ದಳು. ಮನೆಯವರು ಇದನ್ನೆಲ್ಲ ಎಷ್ಟು ಕಾಲದಿಂದ ನೋಡಿದ್ದರೆಂದರೆ, ಈಗ ಯಾರೂ ನೋಡುತ್ತಲೇ ಇರಲಿಲ್ಲ.

ಇಂಥ ಮನೆಯಲ್ಲಿ ಎಂಬತ್ತನಾಲ್ಕನೇ ಇಸವಿಯ ಜೂನ್ ತಿಂಗಳಲ್ಲಿ ಒಬ್ಬಳೇ ಮಗಳು ಸರ್ವಮಂಗಳ ಪಿಯುಸಿ ಪಾಸು ಮಾಡಿ, ಕಾರ್ಟೂನ್ ಫಿಲ್ಮ್ ಮಾಡುವುದನ್ನು ಕಲಿಯುತ್ತೇನೆ ಎಂದಳು.

"ಏನು ಮಾಡೋದು?" ಎಂದಳು ಕಲ್ಲಮ್ಮ, ಮುದ್ದೆ ಕೋಲನ್ನು ಕೈಯಲ್ಲೇ ಹಿಡಿದುಕೊಂಡು.

"ಚಿತ್ರ ಬರೆದು ಓಡಿಸೋದು ಅತ್ತೆ. ಟಾಕೀಸಲ್ಲಿ ನ್ಯೂಸ್ ರೀಲ್ ಆದ್ಮೇಲೆ ಬರಲ್ವಾ, ಕುಟುಂಬ ಯೋಜನೆದು, ಆ ಥರ."

"ಅದನ್ನ ಕಲ್ತು ಏನ್ ಮಾಡ್ತೀಯ?"

"ಓಡಿಸ್ತೀನಿ."

"ಒಲೆ ಮೇಲೆ ಹಾಲು ಉಕ್ಕಿದ್ರೆ ಓಡಿ ಬರಲ್ಲ ಇವ್ಳು, ಚಿತ್ರ ಓಡುಸ್ತಾಳಂತೆ ಚಿತ್ರ."

ಚನ್ನವೀರಯ್ಯ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಮನಸ್ಸಿನಲ್ಲಿದ್ದುದು ಬೇರೆ. ಕುಣಿಗಲ್ಲಿನಲ್ಲಿ ಅವನ ಹಳೆಯ ಸ್ನೇಹಿತ ಮಹಾದೇವಯ್ಯ ಒಂದು ಶಾಲೆಯ ಕಮಿಟಿಯಲ್ಲಿದ್ದ. ದಸರಾ ರಜೆ ಮುಗಿದ ಮೇಲೆ ಅಲ್ಲಿನ ಶಿಶುವಿಹಾರಕ್ಕೆ ಒಬ್ಬ ಟೀಚರು ಬೇಕು, ನಿಮ್ಮ ಹುಡುಗಿ ನಮ್ಮ ಮನೆಯಲ್ಲೇ ಇದ್ದುಕೊಂಡು ಕೆಲಸ ಮಾಡಲಿ ಎಂದಿದ್ದ. ಹೆಣ್ಣುಮಕ್ಕಳಿಗೆ ಅದಕ್ಕಿಂತ ಮರ್ಯಾದೆಯ ಕೆಲಸ ಇನ್ನೊಂದಿಲ್ಲವೆಂದು ಚನ್ನವೀರಯ್ಯ ನಂಬಿದ್ದ.

"ದಸರಾ ತನಕ ಕಲಿ," ಎಂದ. "ಅಷ್ಟರಲ್ಲಿ ಅದ್ರಿಂದ ಒಂದು ಕೆಲಸ ಅಂತ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಕುಣಿಗಲ್ ಬಸ್ ಹತ್ಬೇಕು."

"ಹತ್ತೋ ಪ್ರಸಂಗ ಬರಲ್ಲ ಅಪ್ಪ," ಎಂದಳು ಸರ್ವಮಂಗಳ. ಹುಡುಗಿಗೆ ಅಳುಕು ಅನ್ನುವುದು ಹುಟ್ಟಿದಾಗಿನಿಂದಲೂ ಕಡಿಮೆ.

ಕಲಿಸುತ್ತಿದ್ದವರು ಎರಡು ಬೀದಿ ಆಚೆಯ ಅನಂತರಾಮಯ್ಯನವರು. ಇಪ್ಪತ್ತಾರು ವರ್ಷ ಬೊಂಬಾಯಿಯ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ದುಡಿದು, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದು, ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ನಾಲ್ಕು ಮೇಜು ಹಾಕಿಕೊಂಡಿದ್ದರು. ಮೇಜಿನ ಮೇಲ್ಭಾಗ ಗಾಜು, ಕೆಳಗೊಂದು ಬಲ್ಬು. ಗಾಜಿನ ಮೇಲೆ ಒಂದು ಹಾಳೆ ಇಟ್ಟು ಅದರ ಮೇಲೆ ಇನ್ನೊಂದು ಇಟ್ಟರೆ ಕೆಳಗಿನ ಚಿತ್ರ ಮೇಲಕ್ಕೆ ಕಾಣುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಸರಿಸಿ ಹೊಸದನ್ನು ಬರೆಯಬೇಕು. ಹಾಳೆಗಳು ಅಲ್ಲಾಡದಂತೆ ಕೆಳಗೆ ಎರಡು ತೂತು, ಆ ತೂತಿಗೆ ಎರಡು ಮರದ ಮೊಳೆ. ಬರೆದದ್ದನ್ನೆಲ್ಲ ಒಟ್ಟಿಗೆ ಹಿಡಿದು ಹೆಬ್ಬೆರಳಿನಿಂದ ಪರ್‍ರನೆ ಬಿಟ್ಟರೆ ಚಿತ್ರಕ್ಕೆ ಜೀವ ಬರುತ್ತದೆ. ಬರದಿದ್ದರೆ ಇಡೀ ಕಂತೆ ಮೂಲೆಗೆ.

"ಸಿನಿಮಾದಲ್ಲಿ ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ," ಎಂದು ಅವರು ಮೊದಲ ದಿನವೇ ಹೇಳಿದ್ದರು. "ನಾವು ಬಡವರು. ಹನ್ನೆರಡು ಬರೆದು ಒಂದೊಂದನ್ನ ಎರಡೆರಡು ಸಲ ತೆಗೀತೀವಿ."

ಮೊದಲ ತಿಂಗಳೆಲ್ಲ ಬರೀ ಚೆಂಡು. ಪುಟಿಯುವ ಚೆಂಡು, ಉರುಳುವ ಚೆಂಡು, ಮೆಟ್ಟಿಲಿಳಿಯುವ ಚೆಂಡು. ಎರಡನೆಯ ತಿಂಗಳು ಬೀಳುವ ಎಲೆ, ಹಾರುವ ಬಾವುಟ. ಮನೆಯಲ್ಲಿ ಸಂಜೆ ಕಾಫಿಗೆ ಕೂತಾಗ ಕಲ್ಲಮ್ಮ ಕೇಳುತ್ತಿದ್ದಳು, "ಇವತ್ತೇನಮ್ಮ, ಚೆಂಡೋ ಎಲೆಯೋ? ನಮ್ಮೂರ ಕತ್ತೆ ಕಾಯೋರೂ ಇಷ್ಟೊತ್ತಿಗೆ ಏನಾರ ಕಲ್ತಿರೋರು."

ಚನ್ನವೀರಯ್ಯ ಮಾತ್ರ ಒಂದು ಸಂಜೆ ಆ ಇಪ್ಪತ್ನಾಲ್ಕರ ಲೆಕ್ಕ ಕೇಳಿ ಕಾಫಿ ಲೋಟ ಕೆಳಗಿಟ್ಟ. "ಸೆಕೆಂಡಿಗೆ ಇಪ್ಪತ್ನಾಲ್ಕಾ? ನಮ್ ವಾಚೇ ಸೆಕೆಂಡಿಗೆ ಐದು ಸಲ ಬಡಿಯೋದು."

"ನಮ್ದು ನಿಮ್ಮ ವಾಚಿಗಿಂತ ಸೂಕ್ಷ್ಮ ಅಪ್ಪ."

"ತಲೆಹರಟೆ ಮಾಡ್ಬೇಡ," ಎಂದನೇ ಹೊರತು ಆ ಮಾತು ಅವನ ಮನಸ್ಸಿಗೆ ಹತ್ತಿತ್ತು. ಮಾರನೆಯ ದಿನ ಫ್ಯಾಕ್ಟರಿಯಲ್ಲಿ ನಾಲ್ಕು ಜನಕ್ಕೆ ಹೇಳಿ ಬಂದ.

ಆಗಸ್ಟಿನಲ್ಲಿ ಅನಂತರಾಮಯ್ಯನವರು ನಾಲ್ಕೂ ಜನ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡರು. ಬೋರ್‌ವೆಲ್ ನೀರಿನ ಬಗ್ಗೆ ಸರ್ಕಾರಕ್ಕೆ ಎರಡು ನಿಮಿಷದ ಫಿಲ್ಮೊಂದು ಮಾಡಿಕೊಡುವ ಕೆಲಸ ಅವರ ಕೈಗೆ ಬಂದಿತ್ತು. ಸಂಬಳ ಕೊಟ್ಟು ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಬೇಕಿತ್ತು.

"ನಾಲ್ಕು ಜನ ಇದೀರಿ, ಒಬ್ಬರನ್ನ ತಗೋತೀನಿ. ಮನೇಲಿ ಒಬ್ಬರನ್ನ ಹಿಡ್ಕೊಳ್ಳಿ. ಅವರ ನಡಿಗೆ ಬರೀರಿ, ಹನ್ನೆರಡು ಹಾಳೆ. ಆಯುಧಪೂಜೆಗೆ ಎರಡು ದಿನ ಮುಂಚೆ ನೋಡ್ತೀನಿ. ಯಾರ ಹೆಜ್ಜೆ ಸದ್ದು ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೋ ಅವರನ್ನೇ ಬರೀಬೇಕು. ಇನ್ನೊಂದು ಮಾತು. ಅವರಿಗೆ ಹೇಳ್ಬೇಡಿ. ನೋಡ್ತಿದಾರೆ ಅಂತ ಗೊತ್ತಾದ್ರೆ ಮನುಷ್ಯ ಫೋಟೋಕ್ಕೆ ನಿಂತಂಗೆ ನಡೀತಾನೆ."

ಗೂಳೂರಿನ ರಂಗಯ್ಯ ತಕ್ಷಣ ತನ್ನ ತಾತನನ್ನು ಆರಿಸಿಕೊಂಡ. ತಾತ ಸೈಕಲ್ಲನ್ನು ತಳ್ಳಿಕೊಂಡೇ ಊರು ಸುತ್ತುವವನು, ಹತ್ತಿದ್ದನ್ನು ಯಾರೂ ಕಂಡಿಲ್ಲ. ಸರ್ವಮಂಗಳ ಅಲ್ಲೇ ಕಣ್ಣು ಮುಚ್ಚಿದಳು. ಅವಳಿಗೆ ಕೇಳಿಸಿದ್ದು ಒಂದೇ ನಡಿಗೆ. ಟಕ್, ಸರ್‍ರ್. ಟಕ್, ಸರ್‍ರ್. ನಡುಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಕಲ್ಲತ್ತೆ.

ಇದು ಬೇಡವೆಂದು ಹುಡುಗಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಅನ್ನಿಸಿತು. ಆದರೆ ಹನ್ನೆರಡು ಹಾಳೆಯ ಆಸೆ ದೊಡ್ಡದು, ವಯಸ್ಸು ಹದಿನೆಂಟು, ಮೇಲಾಗಿ ಹೇಳಬೇಡಿ ಎಂದು ಮೇಷ್ಟ್ರೇ ಹೇಳಿದ್ದರು.

ಅಂದಿನಿಂದ ಸರ್ವಮಂಗಳ ಹುಟ್ಟಿದಾಗಿನಿಂದ ಮಾಡದ ಕೆಲಸಗಳನ್ನೆಲ್ಲ ಮಾಡತೊಡಗಿದಳು. ಹಿತ್ತಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸಿದಳು. ಹುರುಳಿಕಾಳಿನ ಕಲ್ಲು ತೆಗೆದಳು. ಅಡುಗೆಮನೆಯ ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕಣ್ಣನ್ನು ಅತ್ತೆಯ ಪಾದದ ಮೇಲಿಟ್ಟಳು.

"ಏನ್ಲೇ, ಮೂರ್ ದಿನದಿಂದ ಒಲೆ ಮುಂದೇನೇ ಇದೀಯ?" ಎಂದಳು ಕಲ್ಲಮ್ಮ. "ಯಾವನನ್ನಾರ ನೋಡ್ಕೊಂಡಿದೀಯಾ? ಈಗ್ಲೇ ಹೇಳ್ಬುಡು."

"ನಿನ್ನನ್ನೇ ನೋಡ್ತಿರೋದು ಅತ್ತೆ."

"ನೋಡು ನೋಡು. ನೋಡ್ಕೊಂಡಾದ್ರೂ ಒಂದ್ ಸಾರು ಮಾಡೋದು ಕಲಿ."

ಮನೆಯಲ್ಲಿ ಗಾಜಿನ ಮೇಜು ಇರಲಿಲ್ಲ. ಅವಳು ತನ್ನ ಕೋಣೆಯ ಕಿಟಕಿಯ ಗಾಜಿಗೆ ಹಾಳೆ ಒತ್ತಿ, ಸೂರ್ಯನ ಬೆಳಕಿನಲ್ಲೇ ಒಂದರ ಮೇಲೊಂದು ಬರೆದಳು. ಬಲಗಾಲು ಊರುವುದು, ಎಡಗಾಲು ನೆಲ ಸವರಿಕೊಂಡು ಮುಂದೆ ಬರುವುದು, ಏಳನೆಯ ಹಾಳೆಯಲ್ಲಿ ಭಾರವೆಲ್ಲ ಎಡಗಾಲಿನ ಮೇಲೆ ಬಿದ್ದು ಮೈ ವಾಲುವುದು, ಆಮೇಲೆ ಬಲಗಾಲು ಅವಸರವಾಗಿ ದಾಟಿ ಬರುವುದು.

ಮೊದಲ ಕಂತೆಯನ್ನು ಅನಂತರಾಮಯ್ಯನವರು ಮೂರು ಸಲ ಪರ್‍ರೆನಿಸಿದರು. ಕನ್ನಡಕ ತೆಗೆದು ಮತ್ತೆ ನೋಡಿದರು.

"ಚೆನ್ನಾಗಿದೆ. ಆದ್ರೆ ಈಯಮ್ಮ ಏಳನೇ ಹಾಳೇಲಿ ಬೀಳ್ತಾರೆ."

"ಅವರು ಬೀಳಲ್ಲ ಸಾರ್. ಹಂಗೇ ವಾಲೋದು."

"ನಿಜದಲ್ಲಿ ಬೀಳಲ್ಲ, ಗೊತ್ತು. ನಿನ್ನ ಹಾಳೇಲಿ ಬೀಳ್ತಾರೆ. ಅಂದ್ರೆ ಅವರನ್ನ ಏನೋ ಒಂದು ಹಿಡಿದು ನಿಲ್ಲಿಸ್ತಿದೆ. ಅದನ್ನ ನೀನು ನೋಡಿಲ್ಲ."

ಸರ್ವಮಂಗಳ ಮತ್ತೆ ಅಕ್ಕಿ ಆರಿಸಲು ಕೂತಳು. ಸೊಂಟ ಜಾಸ್ತಿ ಬಾಗಿಸಿ ನೋಡಿದಳು, ತಲೆ ಹಿಂದಕ್ಕೆಳೆದು ನೋಡಿದಳು, ಬಲಗಾಲನ್ನು ಬೇಗ ತಂದು ನೋಡಿದಳು. ಎರಡನೆಯ ಕಂತೆಯಲ್ಲೂ ಅತ್ತೆ ಬಿದ್ದಳು. ಮೂರನೆಯದರಲ್ಲೂ ಬಿದ್ದಳು.

ಸೆಪ್ಟೆಂಬರಿನ ಒಂದು ಭಾನುವಾರ ಕುಣಿಗಲ್ಲಿನಿಂದ ಮಹಾದೇವಯ್ಯ, ಅವನ ಹೆಂಡತಿ ರುದ್ರಮ್ಮ ಊಟಕ್ಕೆ ಬಂದರು. ಚಿಲಕ ಎರಡು ಸಲ ಬಡಿದರು. ಕಲ್ಲಮ್ಮ ಕುರ್ಚಿಯಲ್ಲಿ ಕೂತೇ ಬರಮಾಡಿಕೊಂಡಳು. ಬೆಳಗಿನಿಂದ ತಾನೇ ನಿಂತು ಬೇಯಿಸಿದ ಹೋಳಿಗೆಯನ್ನು ಶಿವಗಂಗಮ್ಮನ ಕೈಯಲ್ಲಿ ಬಡಿಸಿದಳು. ಕುಣಿಗಲ್ ಕೆರೆ ಕೋಡಿ ಬಿದ್ದಿದೆಯಾ, ಮಾರ್ಕೋನಹಳ್ಳಿ ಅಣೆಕಟ್ಟೆಯ ನೀರು ಈ ಸಲ ಯಾರ ಗದ್ದೆಗೆ, ಎಲ್ಲ ವಿಚಾರಿಸಿದಳು. ಊಟವಾಯಿತು. ಶಿಶುವಿಹಾರದ ಕೆಲಸ ಖಾತ್ರಿ ಎಂದು ಮಹಾದೇವಯ್ಯ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚನ್ನವೀರಯ್ಯನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಮಗಳ ವಿದ್ಯೆಯನ್ನು ಮನೆಯವರ ಎದುರು ಬೈಯುವುದು, ಹೊರಗಿನವರ ಎದುರು ಮೆರೆಸುವುದು ಅಪ್ಪಂದಿರ ಸ್ವಭಾವ. "ನಮ್ ಹುಡುಗಿ ಏನ್ ಮಾಡ್ತಾಳೆ ಗೊತ್ತಾ? ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ. ವಾಚು ಕೂಡ ಐದೇ," ಎನ್ನುತ್ತ ಎದ್ದುಹೋಗಿ, ಮಗಳ ಕೋಣೆಯಿಂದ ಕೈಗೆ ಸಿಕ್ಕ ಕಂತೆಯೊಂದನ್ನು ತಂದ. ಅದರಲ್ಲಿ ಏನಿದೆಯೆಂದು ನೋಡಲಿಲ್ಲ. ಅತಿಥಿಗಳ ಮುಖಕ್ಕೆ ಹಿಡಿದು ಪರ್‍ರೆನಿಸಿದ.

ಅಡುಗೆಮನೆಯಲ್ಲಿ ಎಂಜಲೆಲೆ ಸುತ್ತುತ್ತಿದ್ದ ಸರ್ವಮಂಗಳನಿಗೆ ಆ ಸದ್ದು ಕೇಳಿತು. ಅವಳು ಬಾಗಿಲಿಗೆ ಬರುವುದರೊಳಗೆ ರುದ್ರಮ್ಮ ಮುಂದಕ್ಕೆ ಬಾಗಿ ನಕ್ಕಿದ್ದಳು.

"ಅಯ್ಯೋ, ಇದು ನಮ್ ಕಲ್ಲಕ್ಕನ ನಡೆ ಅಲ್ವೇನ್ರಿ? ಅಚ್ಚು ಹೊಯ್ದಂಗೈತೆ."

ಕಲ್ಲಮ್ಮ ನಿಧಾನವಾಗಿ ಕೇಳಿದಳು, "ನನ್ನ ನಡೆ ನೀನು ಯಾವಾಗ ನೋಡಿದ್ದೆ ರುದ್ರಿ?"

"ನಾನೂ ಗುಬ್ಬಿಯೋಳೇ ಅಲ್ವಾ ಅಕ್ಕ. ಸ್ಕೂಲಿಗೆ ಹೋಗೋವಾಗ ನೀವು ಮುಂದೆ, ಹಿಂದೆ ಆ ಹುಡುಗ್ರು..." ಅಷ್ಟು ಹೇಳಿ ರುದ್ರಮ್ಮನಿಗೆ ತಾನೇನು ಹೇಳುತ್ತಿದ್ದೇನೆಂದು ಗೊತ್ತಾಗಿ ಬಾಯಿಗೆ ಸೆರಗು ಹಿಡಿದಳು.

"ಆ ಕಂತೆ ಇಲ್ಲಿ ಕೊಡು," ಎಂದಳು ಕಲ್ಲಮ್ಮ.

ಅತಿಥಿಗಳು ಕಾಫಿಗೂ ನಿಲ್ಲಲಿಲ್ಲ. ಅವರು ಗೇಟು ದಾಟುವ ತನಕ ಕಲ್ಲಮ್ಮ ಕೂತೇ ಇದ್ದಳು. ಅವರು ಹೋದ ಮೇಲೂ ಏಳಲಿಲ್ಲ.

ಮೊದಲು ಕೂಗಾಡಿದವನು ಚನ್ನವೀರಯ್ಯ. ತಪ್ಪು ಮಾಡಿದವನ ದನಿಯೇ ಯಾವಾಗಲೂ ದೊಡ್ಡದು. "ಇದನ್ನ ಕಲಿಯಕ್ಕಾ ನಿನ್ನ ಕಳ್ಸಿದ್ದು? ದೊಡ್ಡೋರನ್ನ ಆಡ್ಕೊಳ್ಳಕ್ಕಾ?"

"ನಾನು ಆಡ್ಕೊಂಡಿಲ್ಲ. ತಂದು ತೋರಿಸಿದ್ದು ನೀವು."

"ಎದುರುತ್ತರ ಬೇರೆ. ನಾಳೆಯಿಂದ ಆ ಶೆಡ್ಡಿಗೆ ಕಾಲಿಟ್ರೆ ನೋಡು."

"ದಸರಾ ತನಕ ಅಂದಿದೀರಿ ಅಪ್ಪ. ಮಾತು ಮಾತೇ."

"ಸುಮ್ನಿರ್‍ರೋ ಇಬ್ರೂ," ಎಂದಳು ಕಲ್ಲಮ್ಮ. ಅವಳ ದನಿ ಏರಿರಲಿಲ್ಲ. ಅದಕ್ಕೇ ಎಲ್ಲರೂ ಹೆದರಿದರು. "ಗುಬ್ಬಿ ಹುಡುಗ್ರು ನನ್ ಹಿಂದೆ ಕುಂಟ್ಕೊಂಡು ಬರೋರು. ಹೊತ್ತು ಮುಳುಗಿದ್ರೆ ಅವ್ರೂ ಮನೆಗೆ ಹೋಗೋರು, ನಾನೂ ಬದುಕಿದೆ ಅಂದ್ಕೊಳ್ಳೋಳು. ಇವ್ಳು ಮನೆಯೊಳಗೇ ಕೂತು ನನ್ನ ಹಿಡಿದು ಹಾಳೆಗೆ ಹಾಕವ್ಳೆ. ಯಾವಾಗ ಬೇಕಾದ್ರೂ ಕುಂಟುಸ್ಬೋದು ಈಗ. ಹೆಬ್ಬೆಟ್ಟು ಒಂದಿದ್ರೆ ಸಾಕು."

ಅಷ್ಟು ಹೇಳಿ, "ಎಲ್ರೂ ಆ ಕಡೆ ತಿರುಗಿ," ಎಂದಳು. ಮೂವರೂ ಗೋಡೆಯ ಕಡೆ ತಿರುಗಿ ನಿಂತರು. ಟಕ್, ಸರ್‍ರ್ ಎಂದು ಸದ್ದು ಅವಳ ಕೋಣೆಯ ತನಕ ಹೋಯಿತು. ಬಾಗಿಲು ಹಾಕಿಕೊಂಡಿತು. ಸರ್ವಮಂಗಳನಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಎಂಟು ದಿನ ಕಲ್ಲಮ್ಮ ಯಾರ ಕಣ್ಣಿಗೂ ಬೀಳದೆ ಇದ್ದಳು. ಎಲ್ಲರೂ ಹೊರಗೆ ಹೋದಾಗ ಸ್ನಾನ, ಲಿಂಗಪೂಜೆ. ತಟ್ಟೆ ಬಾಗಿಲ ಬಳಿ ಇಟ್ಟರೆ ಒಳಗೆ ಹೋಗುತ್ತಿತ್ತು, ಅರ್ಧ ಊಟ ಹಾಗೇ ಉಳಿದು ಹೊರಗೆ ಬರುತ್ತಿತ್ತು. ಉಳಿಯದೆ ಏನು? ಅಡುಗೆ ಶಿವಗಂಗಮ್ಮನದು. ಮುದ್ದೆಯಲ್ಲಿ ಗಂಟು, ಉಪ್ಸಾರಿನಲ್ಲಿ ಉಪ್ಪೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. ಚನ್ನವೀರಯ್ಯ ಮೂರನೆಯ ದಿನದಿಂದ ಕ್ಯಾತ್ಸಂದ್ರದ ತನಕ ಸೈಕಲ್ ತುಳಿದು, ತಟ್ಟೆ ಇಡ್ಲಿ ತಿಂದು, ಅಲ್ಲಿಂದ ಡ್ಯೂಟಿಗೆ ಹೋಗತೊಡಗಿದ.

"ನಂಗೆ ಇಪ್ಪತ್ತೊಂದು ವರ್ಷದಿಂದ ಒಲೆ ಹತ್ರ ಬಿಟ್ರೆ ತಾನೇ ಬರೋದು," ಎಂದು ಶಿವಗಂಗಮ್ಮ ಮಗಳ ಹತ್ತಿರ ಗೊಣಗಿದಳು. ಆಮೇಲೆ ಈಳಿಗೆಮಣೆಯನ್ನು ಪಕ್ಕಕ್ಕಿಟ್ಟು, ತನಗೆ ಮದುವೆಯಾದ ಹೊಸದರಲ್ಲಿ ಚನ್ನವೀರಯ್ಯನ ತಾಯಿ ಹೇಳಿದ್ದನ್ನು ಹೇಳಿದಳು. ಕಲ್ಲಮ್ಮನಿಗೆ ಹದಿನೇಳಾಗಿದ್ದಾಗ ತಿಪಟೂರಿನ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ಗೋಡೆಗೊರಗಿ ಕೂತಿದ್ದ ಹುಡುಗಿ ಅವರಿಗೆ ಹಿಡಿಸಿತ್ತು. ತಾಂಬೂಲ ಬದಲಾಯಿಸುವ ಮುಂಚೆ ಗಂಡಿನ ತಾಯಿ, "ಎಲ್ಲಿ, ಆ ಬಾಗಿಲ ತನಕ ಹೋಗಿ ಬಾ ತಾಯಿ" ಅಂದಳು. ಹುಡುಗಿ ಹೋಗಿ ಬಂದಳು. ವಾಪಸು ಬಂದಾಗ ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಇದನ್ನ ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ ಅಮ್ಮ?"

"ಹೇಳೋ ಮಾತಾ ಅದು? ಅವ್ರು ಕುರ್ಚಿ ಬಿಟ್ಟು ಏಳ್ದೇ ಇರೋದು ಅವತ್ತಿನಿಂದ."

ಸರ್ವಮಂಗಳ ಹೋಗಿ ಅತ್ತೆಯ ಕೋಣೆಯ ಬಾಗಿಲಿಗೆ ಬಾಯಿಟ್ಟು ಹೇಳಿದಳು. "ಅತ್ತೆ, ಕೇಳ್ದೆ ಬರೆದದ್ದು ತಪ್ಪು. ಕಾಲು ಹಿಡ್ಕೋತೀನಿ. ಬರೆದದ್ದು ಮಾತ್ರ ತಪ್ಪಲ್ಲ. ಈ ಮನೇಲಿ ಕಣ್ಣು ಮುಚ್ಚಿದ್ರೆ ನಂಗೆ ಗೊತ್ತಾಗೋ ನಡಿಗೆ ನಿಂದೊಂದೇ."

ಹಿಂದಿನಿಂದ ಶಿವಗಂಗಮ್ಮ, "ನಾನೇನು ಹಾರ್‍ಕೊಂಡು ಹೋಗ್ತೀನಾ?" ಎಂದು ಮುಖ ಊದಿಸಿದಳು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಶಿವಗಂಗಮ್ಮ ಮಗಳನ್ನು ಸನ್ನೆ ಮಾಡಿ ಕರೆದಳು. ಮುಚ್ಚಿದ ಬಾಗಿಲಿನ ಹಿಂದೆ ಸದ್ದೊಂದು ಕೇಳುತ್ತಿತ್ತು. ಪರ್‍ರ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಪರ್‍ರ್. ಐವತ್ತನಾಲ್ಕು ವರ್ಷದಲ್ಲಿ ಕಲ್ಲಮ್ಮ ತಾನು ನಡೆಯುವುದನ್ನು ಒಂದು ಸಲವೂ ಕಂಡಿರಲಿಲ್ಲ. ನೋಡಿದವರು ಬೇರೆಯವರೇ.

ಒಂಬತ್ತನೆಯ ದಿನ ಬೆಳಿಗ್ಗೆ ಕಲ್ಲಮ್ಮ ಅಡುಗೆಮನೆಗೆ ಬಂದಳು. ಸೆರಗು ಮೈತುಂಬ ಇತ್ತು, ಮುಖ ಗಂಟಿಕ್ಕಿತ್ತು. ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಇದೇನ್ ಗಂಗಾ, ಮುದ್ದೇನೋ ಇಟ್ಟಿಗೇನೋ? ಸರಿ ಆ ಕಡೆ." ಶಿವಗಂಗಮ್ಮ ಸಂತೋಷವಾಗಿ ಸರಿದು ಈಳಿಗೆಮಣೆಗೆ ವಾಪಸಾದಳು. ಕಲ್ಲಮ್ಮ ಒಲೆ ಊದಿ, ನೀರಿಟ್ಟು, ತಿರುಗದೆಯೇ ಹೇಳಿದಳು.

"ಮಂಗಳಾ, ನಿನ್ ಚಿತ್ರ ತಪ್ಪು ಐತೆ."

ಹಾಲು ಕಾಯಿಸುತ್ತಿದ್ದ ಸರ್ವಮಂಗಳ ಸೌಟು ಬಿಟ್ಟು ತಿರುಗಿದಳು. "ಏಳನೇದಾ ಅತ್ತೆ?"

"ನಂಬರ್ ಗಿಂಬರ್ ಗೊತ್ತಿಲ್ಲ. ಹಂಗೆ ನಡೆದ್ರೆ ಮಕಾಡೆ ಬೀಳ್ತೀನಿ ನಾನು."

"ಮೇಷ್ಟ್ರೂ ಅದನ್ನೇ ಅಂದ್ರು. ಎಲ್ಲಿ ತಪ್ಪು ಅತ್ತೆ? ಏನು ಬಿಟ್ಟಿದೀನಿ?"

"ನಾನ್ಯಾಕೆ ಹೇಳ್ಲಿ? ಕದಿಯಕ್ಕೆ ಬಂದೋಳು ಪೂರ್ತಿ ಕದೀಬೇಕಿತ್ತು. ಹಾಲು ನೋಡು, ಉಕ್ತು."

ಹಾಲು ಉಕ್ಕಿಯೇ ಹೋಯಿತು. ಮನೆ ಮೊದಲಿನ ಹಾಗೆ ನಡೆಯತೊಡಗಿತು, ಮಾತು ಮಾತ್ರ ಬೇಕಾದಷ್ಟೇ. ಸರ್ವಮಂಗಳ ಅತ್ತೆಯನ್ನು ಮತ್ತೆ ಕದ್ದು ನೋಡಲಿಲ್ಲ. ನೆನಪಿನಿಂದಲೇ ನಾಲ್ಕನೆಯ ಕಂತೆ, ಐದನೆಯ ಕಂತೆ ಬರೆದಳು. ಬೇರೆ ಯಾರನ್ನಾದರೂ ಬರೆ ಎಂದು ಅಮ್ಮ ಅಂದರೆ, "ಇನ್ನು ಯಾರನ್ನ ಬರೆದ್ರೂ ಸುಳ್ಳಾಗುತ್ತೆ" ಎಂದಳು. ಚನ್ನವೀರಯ್ಯ ಕುಣಿಗಲ್ಲಿಗೆ ಒಂದು ಕಾಗದ ಹಾಕಿ, ದಸರಾ ಆದ ಮೇಲೆ ಹುಡುಗಿಯನ್ನು ಕರೆತರುತ್ತೇನೆ ಎಂದು ಬರೆದ. ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಿತು. ಅದರ ಧೂಳು ಒರೆಸಿದವಳು ಕಲ್ಲಮ್ಮನೇ.

ಆಯುಧಪೂಜೆಗೆ ಎರಡು ದಿನವಿರುವಾಗ, ಬೆಳಿಗ್ಗೆ ಹತ್ತು ಗಂಟೆಗೆ, ನಾಲ್ಕೂ ಜನ ಶೆಡ್ಡಿನಲ್ಲಿ ಸೇರಿದರು. ಅನಂತರಾಮಯ್ಯನವರು ಇಬ್ಬರ ಕಂತೆಗಳನ್ನು ನೋಡಿ ಪಕ್ಕಕ್ಕಿಟ್ಟರು. ರಂಗಯ್ಯನ ತಾತ ಸೈಕಲ್ ತಳ್ಳಿಕೊಂಡು ಹನ್ನೆರಡು ಹಾಳೆ ದಾಟಿದಾಗ, "ಭೇಷ್" ಅಂದರು. ಸರ್ವಮಂಗಳನ ಕಂತೆಯನ್ನು ಎರಡು ಸಲ ಬಿಟ್ಟರು.

"ಈ ನಾಲ್ಕರಲ್ಲಿ ಜೀವ ಜಾಸ್ತಿ ಇರೋದು ಇದ್ರಲ್ಲೇ," ಎಂದರು. "ಆದ್ರೆ ಇನ್ನೂ ಬೀಳ್ತಾರಲ್ಲಮ್ಮ. ಬೀಳೋ ನಡಿಗೆ ತಗೊಂಡು ನಾನು ಫಿಲ್ಮ್ ಮಾಡಕ್ಕಾಗಲ್ಲ."

"ಗೊತ್ತು ಸಾರ್."

"ಹಂಗಾದ್ರೆ ರಂಗಯ್ಯ..."

ಗೇಟಿನ ಚಿಲಕ ಎರಡು ಸಲ ಬಡಿಯಿತು. ಆಮೇಲೆ ಸದ್ದಿಲ್ಲ. ಅನಂತರಾಮಯ್ಯನವರು "ಯಾರದು, ಬನ್ನಿ" ಎಂದು ಕೂಗಿದರೂ ಯಾರೂ ಬರಲಿಲ್ಲ. ಸರ್ವಮಂಗಳ ಒಬ್ಬಳೇ ಮನಸ್ಸಿನಲ್ಲಿ ಎಣಿಸುತ್ತಿದ್ದಳು. ಹತ್ತಕ್ಕೆ ಸರಿಯಾಗಿ ಗೇಟು ತೆರೆಯಿತು. ಟಕ್, ಸರ್‍ರ್.

ಎರಡು ಬೀದಿ ಒಬ್ಬಳೇ ನಡೆದು ಬಂದಿದ್ದ ಕಲ್ಲಮ್ಮನ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಬಲಗೈಯಲ್ಲಿ ಆ ಹಳೆಯ ಕಂತೆ ಇತ್ತು. ರಂಗಯ್ಯ ಎದ್ದು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

"ಇವ್ಳ ಅತ್ತೆ ನಾನು," ಎಂದಳು. "ಇದ್ರಲ್ಲಿ ಇರೋಳು ನಾನೇ. ತಪ್ಪು ಬರ್ದವ್ಳೆ. ಕೈ ಬಿಟ್ಟವ್ಳೆ."

"ಕೈ ಇದೆಯಲ್ಲ ಅತ್ತೆ, ಸೆರಗಿನೊಳಗೆ," ಎಂದಳು ಸರ್ವಮಂಗಳ.

"ಸೆರಗು ಬರ್ದಿದೀಯ. ಒಳಗೆ ಕೈ ಏನ್ ಮಾಡ್ತೈತೆ ಅಂತ ಬರ್ದಿಲ್ಲ."

ಅನಂತರಾಮಯ್ಯನವರಿಗೆ ಗುಬ್ಬಿಯ ಕಥೆ ಗೊತ್ತಿರಲಿಲ್ಲ. ತಿಪಟೂರಿನವರ ಕಥೆಯಂತೂ ಗೊತ್ತೇ ಇರಲಿಲ್ಲ. ಅವರು ಎಲ್ಲರಿಗೂ ಹೇಳುವಂತೆ ಸಹಜವಾಗಿ ಹೇಳಿಬಿಟ್ಟರು.

"ಒಂದ್ಸಲ ಆ ಬಾಗಿಲ ತನಕ ಹೋಗಿ ಬನ್ನಿ ತಾಯಿ. ನೋಡೋಣ."

ಕಲ್ಲಮ್ಮ ಅವರ ಮುಖವನ್ನೇ ನೋಡುತ್ತ ನಿಂತಳು. ಬಾಗಿಲನ್ನು ನೋಡಿದಳು. ಆಮೇಲೆ ಕಂತೆಯನ್ನು ಮೇಜಿನ ಮೇಲಿಟ್ಟು, ಹೊದ್ದಿದ್ದ ಸೆರಗನ್ನು ಎರಡೂ ಕೈಯಿಂದ ತೆಗೆದು, ಬಿಗಿಯಾಗಿ ಸುತ್ತಿ, ಗದ್ದೆಗಿಳಿಯುವ ಹೆಂಗಸರಂತೆ ಸೊಂಟಕ್ಕೆ ಸಿಕ್ಕಿಸಿದಳು.

ನಡೆದಳು. ಬಲಗಾಲು ಊರಿತು. ಎಡಗಾಲು ನೆಲ ಸವರಿಕೊಂಡು ಮುಂದೆ ಬಂತು. ಅದು ಭಾರ ಹೊರುವ ಗಳಿಗೆಗೆ ಸರಿಯಾಗಿ ಎಡಗೈ ಕೆಳಗಿಳಿದು ಮಂಡಿಗಿಂತ ಮೇಲೆ ತೊಡೆಯನ್ನು ಗಟ್ಟಿಯಾಗಿ ಒತ್ತಿತು. ಕಾಲು ಕಂಬದಂತೆ ನಿಂತಿತು. ಬಲಗಾಲು ದಾಟಿತು, ಕೈ ಮೇಲೆ ಬಂತು. ಮತ್ತೆ ಕೈ, ಮತ್ತೆ ಕಾಲು. ಐವತ್ತು ವರ್ಷದಿಂದ ಸೆರಗಿನ ಕೆಳಗೆ ಆ ಕೈ ದಿನಕ್ಕೆ ಸಾವಿರ ಸಲ ಅವಳನ್ನು ಹಿಡಿದು ನಿಲ್ಲಿಸುತ್ತಿತ್ತು. ಅವಳನ್ನು ಬೇರೆ ಯಾರೂ ಹಿಡಿದಿರಲಿಲ್ಲ.

ಬಾಗಿಲು ಮುಟ್ಟಿ ಅವಳು ತಿರುಗಿ ಬಂದಳು. ಯಾರೂ ಚಪ್ಪಲಿ ಮೆಟ್ಟಿಕೊಂಡಿರಲಿಲ್ಲ. ಸರ್ವಮಂಗಳ ಆಗಲೇ ಗಾಜಿನ ಮೇಜಿಗೆ ಬಾಗಿದ್ದಳು. ಬಲ್ಬು ಹಾಕಿ, ಆರು, ಏಳು, ಎಂಟನೆಯ ಹಾಳೆಗಳನ್ನು ಎಳೆದು ಎಸೆದು, ಹೊಸ ಹಾಳೆಗಳನ್ನು ಮೊಳೆಗೆ ಸಿಕ್ಕಿಸಿ ಬರೆಯುತ್ತಿದ್ದಳು. ಚಿತ್ರದ ಅತ್ತೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಕೈಯನ್ನು ತೊಡೆಗೆ ತಂದಳು. ಕಣ್ಣೀರು ಹಾಳೆಗೆ ಬೀಳದಂತೆ ಆಗಾಗ ತೋಳಿನಿಂದ ಒರೆಸಿಕೊಂಡಳು.

"ಇನ್ನೊಂದ್ಸಲ ಅತ್ತೆ. ಬೆರಳು ಹೆಂಗಿರುತ್ತೆ ಕಾಣ್ಲಿಲ್ಲ."

"ನಿಧಾನಕ್ಕೆ ನೋಡ್ಕೊ. ಎಷ್ಟು ಸಲ ಬೇಕಾದ್ರೂ ನಡೀತೀನಿ," ಎಂದು ಕಲ್ಲಮ್ಮ ಮತ್ತೆ ಬಾಗಿಲ ತನಕ ಹೋದಳು.

ನಾಲ್ಕು ಸಲ ಹೋಗಿ ಬಂದಳು. ಮಿಕ್ಕ ಹಾಳೆಗಳ ಸೆರಗನ್ನೂ ಸರಿಪಡಿಸಿ ಮುಗಿಸುವ ಹೊತ್ತಿಗೆ ಗಂಟೆ ಹನ್ನೆರಡಾಗಿತ್ತು. ಅನಂತರಾಮಯ್ಯನವರು ಹನ್ನೆರಡು ಹಾಳೆ ಜೋಡಿಸಿ ಪರ್‍ರೆಂದು ಬಿಟ್ಟರು. ಮತ್ತೆ ಬಿಟ್ಟರು. ಹಾಳೆಯ ಹೆಂಗಸು ವಾಲಿದಳು, ಕೈ ಒತ್ತಿದಳು, ಎದ್ದಳು, ಮುಂದೆ ಹೋದಳು. ರಂಗಯ್ಯ ತನ್ನ ತಾತನ ಕಂತೆಯನ್ನು ತಾನೇ ಮಡಚಿ ಚೀಲಕ್ಕೆ ಹಾಕಿಕೊಂಡ.

"ವಿಜಯದಶಮಿ ಮಾರನೇ ದಿನ ಎಂಟು ಗಂಟೆಗೆ ಬಂದ್ಬಿಡು ಸರ್ವಮಂಗಳ," ಎಂದರು ಅನಂತರಾಮಯ್ಯನವರು. "ಫಿಲ್ಮಲ್ಲಿ ನೀರಿಗೆ ಹೋಗೋ ಹೆಂಗಸು ಇವರೇ. ಇವರು ಒಪ್ಪಿದ್ರೆ."

ಕಲ್ಲಮ್ಮ ಬೆವರು ಒರೆಸಿಕೊಂಡು ಅವರನ್ನೇ ನೋಡಿದಳು. ಅವಳ ತುಟಿಯ ಕೊನೆಯಲ್ಲಿ ತುಂಟತನವಿತ್ತು.

"ನಾನು ಒಪ್ಪೋದಿರ್‍ಲಿ. ನಿಮಗೆ ಒಪ್ಪಿಗೆ ಆಯ್ತಾ?"

"ಆಯ್ತು ತಾಯಿ. ಆಗ್ದೆ ಏನು."

"ಸರಿ ಬುಡಿ," ಎಂದಳು ಕಲ್ಲಮ್ಮ. "ಮೂವತ್ತೇಳು ವರ್ಷ ತಡ ಆಯ್ತು, ಅಷ್ಟೇ."

ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. ಸರ್ವಮಂಗಳ ಅತ್ತೆಯ ಕೈ ಹಿಡಿಯಲು ಹೋದಳು. ಕಲ್ಲಮ್ಮ ಅದನ್ನು ತಳ್ಳಿ, "ನಡಿ, ಮುದ್ದೆಗೆ ನೀರಿಡ್ಬೇಕು. ನಿಮ್ಮಪ್ಪನ ಟ್ರಂಕು ಅಟ್ಟಕ್ಕೆ ಹಾಕ್ಬೇಕು," ಎಂದಳು.

ಬೀದಿಗೆ ಬಂದ ಮೇಲೆ ಸರ್ವಮಂಗಳ ಅಭ್ಯಾಸದಂತೆ ಎರಡು ಹೆಜ್ಜೆ ಮುಂದೆ ಹೋದಳು. ಹಿಂದಿನಿಂದ ದನಿ ಬಂತು.

"ಏಯ್, ಎಲ್ಲಿಗೆ? ನೀನು ಹಿಂದೆ ಬಾ."

ಸೆರಗನ್ನು ಸೊಂಟದಿಂದ ಬಿಚ್ಚದೆ ಕಲ್ಲಮ್ಮ ಅವಳನ್ನು ದಾಟಿ ಮುಂದಾದಳು. ನಡುಮಧ್ಯಾಹ್ನದ ಬಿಸಿಲಿನಲ್ಲಿ, ಅಂಗಡಿಯವರು, ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತವರು, ಎಲ್ಲರೂ ನೋಡುತ್ತಿದ್ದ ಹಾಗೆ ನಡುಬೀದಿಯಲ್ಲಿ ನಡೆದಳು.

"ಹಿಂದಿನಿಂದ ಹೆಂಗೆ ಕಾಣ್ತದೆ, ಸರಿಯಾಗಿ ನೋಡ್ಕೊ," ಎಂದಳು ತಿರುಗದೆ. "ಆಮೇಲೆ ಮತ್ತೆ ತಪ್ಪು ಬರೀಬೇಡ."